ಜನರಲ್‌ಗೆ ಗೊತ್ತಿದ್ದ ಕುದುರೆ

ಜನರಲ್ ನನ್ನ ಕುಲುಮೆಗೆ ಬಂದಾಗ ಅವನ ಮೈಮೇಲೆ ಶತ್ರುಗಳ ಕೋಟು ಇತ್ತು. ಗುಂಡಿಗಳೆಲ್ಲ ಫಳಫಳ. ಎರಡು ವರ್ಷದ ಹಿಂದೆ ಇದೇ ಮನುಷ್ಯ ನಮ್ಮ ಅಶ್ವದಳದ ಮುಂದೆ ನಿಂತು, ಆ ಕೋಟಿನವರನ್ನು ನದಿಯಾಚೆ ಅಟ್ಟುವವರೆಗೆ ಯಾರೂ ಜೀನಿನಿಂದ ಇಳಿಯಬೇಡಿ ಎಂದು ಗಂಟಲು ಹರಿದುಕೊಂಡಿದ್ದ. ನನ್ನ ತಮ್ಮ ಇಳಿಯಲಿಲ್ಲ. ಅವನನ್ನು ಗುಂಡು ಇಳಿಸಿತು. ಈತ ಮಾತ್ರ ಸೋತ ಮೂರನೇ ತಿಂಗಳಿಗೇ ಗೆದ್ದವರ ಕುದುರೆ ಇಲಾಖೆಯ ಮುಖ್ಯಸ್ಥನಾಗಿ ಕೂತ. ನಾಚಿಕೆಯನ್ನು ಎಲ್ಲಿ ಮಾರಿಕೊಂಡನೋ!

ಹಳೆಯ ದಳದ ಕುದುರೆಗಳನ್ನೆಲ್ಲ ಅವರಿಗೆ ಒಪ್ಪಿಸಬೇಕೆಂದು ಆಜ್ಞೆಯಾಗಿತ್ತು. ತಮ್ಮನ ಕಂದು ಹೆಣ್ಣುಕುದುರೆಯನ್ನು ನಾವು ಒಪ್ಪಿಸಿರಲಿಲ್ಲ. ಗೊರಸಿನ ಮೇಲೆ ಸುಟ್ಟಿದ್ದ ದಳದ ಸಂಖ್ಯೆ, ಗೊರಸು ಬೆಳೆದಂತೆ ಸವೆದುಹೋಗಿತ್ತು. ಈಗ ಅದು ಆಸ್ಪತ್ರೆಯ ಬಟ್ಟೆಗಾಡಿ ಎಳೆಯುತ್ತಿತ್ತು. ಆ ಬಟ್ಟೆ ಒಗೆದೇ ತಮ್ಮನ ಹೆಂಡತಿ ಮನೆ ನಡೆಸುತ್ತಿದ್ದಳು. ಕುದುರೆ ಹೋದರೆ ಅವಳ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ.

“ಗಾಡಿ ಕುದುರೆ ಅದು,” ಎಂದೆ, ಕುಲುಮೆಯ ಕಂಬಕ್ಕೆ ಕಟ್ಟಿದ್ದ ಅದರ ಬಗ್ಗೆ ಅವನು ಕೇಳುವ ಮೊದಲೇ.

ಅವನು ನನ್ನ ಮುಖ ನೋಡಲಿಲ್ಲ. ಬಾಗಿ ಅದರ ಎಡ ಮುಂಗಾಲು ಎತ್ತಿದ.

“ಲಾಳದ ಹೊರಗಡೆ ನಾಲ್ಕು ಮೊಳೆ, ಒಳಗಡೆ ಮೂರು,” ಎಂದ. “ಊರ ಕುದುರೆಗೆ ನಾಲ್ಕು ನಾಲ್ಕು ಹೊಡೀತಾರೆ. ಇದು ನಾನು ಮಾಡಿದ ನಿಯಮ. ನನ್ನ ದಳಕ್ಕೆ ಮಾತ್ರ.”

ನನ್ನ ಕೈಗೆ ಬೆಂಕಿ ಬೀಳ! ಹನ್ನೊಂದು ವರ್ಷ ಆ ದಳದಲ್ಲಿ ಲಾಳ ಹೊಡೆದ ಕೈ. ಊರವರ ಕುದುರೆಗಳಿಗೆ ಎಣಿಸಿ ಎಣಿಸಿ ಎಂಟು ಹೊಡೆಯುತ್ತಿದ್ದೆ. ಇದು ನಮ್ಮದೆಂದು ಎಣಿಸಲೇ ಇಲ್ಲ. ಕೈ ತನ್ನ ಪಾಡಿಗೆ ತಾನು ಏಳಕ್ಕೆ ನಿಂತಿತ್ತು.

“ಮೂರನೇ ತುಕಡಿ. ಇವಳ ತಾಯಿಗೆ ಒಂದು ಕಣ್ಣಿರಲಿಲ್ಲ. ಮರಿಯಾಗಿದ್ದಾಗ ಇವಳಿಗೆ ಹೊಟ್ಟೆನೋವು ಬಂದು, ನಾನೇ ನಡೆಸಿ ನಡೆಸಿ ಉಳಿಸಿದೀನಿ. ನೀರು ಕಂಡ್ರೆ ಈಗ್ಲೂ ಬಲಕ್ಕೆ ಸರೀತಾಳಾ?”

ಕುದುರೆ ಅವನ ತೋಳಿಗೆ ಮೂತಿ ಒತ್ತಿತು. ಅದಕ್ಕೇನು ಗೊತ್ತು ಕೋಟಿನ ಬಣ್ಣ! ನನಗೆ ಮೈಯೆಲ್ಲ ಉರಿಯಿತು. ಕೈಲಿದ್ದ ಇಕ್ಕಳ ನೆಲಕ್ಕೆ ಬಡಿದೆ.

“ಅವರ ಅನ್ನ ಗಂಟಲಲ್ಲಿ ಹೇಗೆ ಇಳಿಯುತ್ತೆ ನಿಮಗೆ?”

“ಯುದ್ಧ ಮುಗಿದಾಗ ಎಂಟುನೂರು ಕುದುರೆ ಕಸಾಯಿಖಾನೆಗೆ ಹೊರಟಿದ್ವು,” ಎಂದ ಮೆತ್ತಗೆ. “ಈ ಕೋಟು ಹಾಕ್ಕೊಂಡೆ, ಅವು ಉಳಿದ್ವು. ನೀನಾಗಿದ್ರೆ ಏನ್ಮಾಡ್ತಿದ್ದೆ?”

ನಾನೂ ಆ ಕೋಟು ಹಾಕಿಕೊಳ್ಳುತ್ತಿದ್ದೆನೇನೋ. ಅದಕ್ಕೇ ಸಿಟ್ಟು ಇನ್ನೂ ನೆತ್ತಿಗೇರಿತು.

ಪಕ್ಕದಲ್ಲಿ ಗಾಡಿಗೆ ಬಟ್ಟೆ ಹೇರುತ್ತಿದ್ದ ತಮ್ಮನ ಹೆಂಡತಿ ಗಂಟು ಕೆಳಗಿಟ್ಟು ಮುಂದೆ ಬಂದಳು.

“ಇದರ ಮೇಲೆ ಕೂರ್ತಿದ್ದ ಸವಾರ ಯಾರು? ಅದೊಂದು ಹೇಳಿಬಿಡಿ. ನಾನೇ ಹಗ್ಗ ಬಿಚ್ಚಿ ಕೊಡ್ತೀನಿ.”

ಜನರಲ್ ಬಾಯಿ ತೆರೆದ. ಕುದುರೆಯ ಕಿವಿ ನೋಡಿದ. ಏನಾದರೂ ಸುಳಿವು ಸಿಕ್ಕೀತೆಂದು ನನ್ನ ಮುಖ ನೋಡಿದ. ನಾನು ಮುಖ ತಿರುಗಿಸಿದೆ. ಆರು ವರ್ಷ, ಆರು ವರ್ಷ ಇವನ ಬೆನ್ನ ಹಿಂದೆಯೇ ಸವಾರಿ ಮಾಡಿದವನು ನನ್ನ ತಮ್ಮ!

“ತುಂಬಾ ಜನ ಇದ್ರಮ್ಮ,” ಎಂದ ಕೊನೆಗೆ. ಜೇಬಿನಿಂದ ಪುಸ್ತಕ, ಪೆನ್ಸಿಲ್ ತೆಗೆದ. “ಹೆಸರು ಹೇಳು, ಬರೆದಿಟ್ಕೋತೀನಿ.”

“ಬೇಡ. ಕುದುರೇನ ನೀವು ಹೇಗೂ ಬಿಡಲ್ಲ, ತಗೊಂಡು ಹೋಗಿ. ಅವರ ಹೆಸರು ಮಾತ್ರ ನಿಮಗೆ ಕೊಡಲ್ಲ.”

ಹಗ್ಗವನ್ನು ಅವನೇ ಬಿಚ್ಚಿಕೊಂಡ. ಮಧ್ಯಾಹ್ನದೊಳಗೆ ಆಸ್ಪತ್ರೆಗೆ ಬಟ್ಟೆ ತಲುಪಬೇಕಿತ್ತು. ಗಾಡಿಯ ಮೂಕಿಗೆ ಅವಳೊಂದು ಕಡೆ, ನಾನೊಂದು ಕಡೆ ಹೆಗಲು ಕೊಟ್ಟೆವು.