ಬಾ, ಬರ್ರಿ

ಶಹಾಪುರದ ಒಂದು ದವಾಖಾನೆಗೆ ರೋಗಿಗಳನ್ನು ಸರದಿಯಂತೆ ಕರೆಯುವ ಯಂತ್ರ ಬೇಕಾಗಿತ್ತು. ಅದರ ಸಾಫ್ಟ್‌ವೇರ್ ಬರೆದವರು ರೇವಣಸಿದ್ದ ಮತ್ತು ದೇವು. ರೇವಣಸಿದ್ದ ಊರಿನ ಅಡತಿ ಅಂಗಡಿಯವರ ಮಗ, ಕಂಪನಿ ಅವನದೇ. ದೇವು ಸುರಪುರದ ಕಡೆಯ ಕೂಲಿಯವರ ಮನೆಯಿಂದ ಓದಿ ಬಂದವ. ಹೆಸರನ್ನು ಯಂತ್ರವೇ ಓದುತ್ತದೆ. ಆಮೇಲೆ 'ಒಳಗ ಬರ್ರಿ' ಎನ್ನುವ ದನಿ ರೇವಣಸಿದ್ದನದು. ತನ್ನ ಗಂಟಲಿನ ಮೇಲೆ ಮಹಾಶಯನಿಗೆ ಭಾರಿ ಅಭಿಮಾನ.

ಕರೆಯುವ ಸಾಲನ್ನೂ ಅವನೇ ಬರೆದಿದ್ದ. ಹೆಸರಿನ ಮುಂದೆ ಗೌಡ, ಶೆಟ್ಟಿ, ಸಾಹುಕಾರ ಇದ್ದರೆ 'ಒಳಗ ಬರ್ರಿ'. ಇಲ್ಲದಿದ್ದರೆ 'ಒಳಗ ಬಾ'. ಕಂಪೌಂಡರ್ ದಿನಾ ಹಾಗೇ ಕರೆಯುತ್ತಿದ್ದ, ಅಂಗಡಿಯಲ್ಲಿ ಅಪ್ಪನೂ ಹಾಗೇ. ಇದರಲ್ಲಿ ಯೋಚಿಸುವಂಥದ್ದೇನಿದೆ?

ಯಂತ್ರ ಕೂಡಿಸುವ ಹಿಂದಿನ ದಿನ ಇಬ್ಬರ ಕೆಲಸವನ್ನೂ ಒಂದುಗೂಡಿಸಲು ಹೋದಾಗ ಬರೆದದ್ದನ್ನೆಲ್ಲ ಕೂಡಿಸಿಡುವ ಗಿಟ್ ಎಂಬ ತಂತ್ರಾಂಶ ಅಡ್ಡ ನಿಂತಿತು: ಒಂದೇ ಸಾಲನ್ನು ಇಬ್ಬರೂ ತಿದ್ದಿದ್ದೀರಿ, ಯಾವುದು ಉಳಿಯಲಿ? ಮೇಲಿನ ಸಾಲಿನಲ್ಲಿ ರೇವಣಸಿದ್ದ ಹೊಸದಾಗಿ 'ವಕೀಲ' ಸೇರಿಸಿದ್ದ. ಕೆಳಗಿನದು ದೇವುವಿನದು, ಅಲ್ಲಿ ಹೆಸರು ನೋಡುವ ಉಸಾಬರಿಯೇ ಇಲ್ಲ, ಎಲ್ಲರಿಗೂ 'ಬರ್ರಿ'. ರೇವಣಸಿದ್ದ ಎರಡನ್ನೂ ಓದಿದ. ನನ್ನನ್ನು ಕೇಳದೆ ನನ್ನ ಸಾಲಿಗೆ ಕೈ ಹಾಕಿದ್ದಾನಲ್ಲ ಎಂದು ಸಿಟ್ಟು ಬಂತು. ತನ್ನದನ್ನು ಉಳಿಸಿ ಅವನದನ್ನು ಅಳಿಸಿದ, ಹೇಳಲೂ ಇಲ್ಲ.

ಮರುದಿನ ದೇವು ದವಾಖಾನೆಗೆ ತಾಯಿಯನ್ನೂ ಕರೆತಂದಿದ್ದ. ಲಾಲಮ್ಮನವರಿಗೆ ಮೊಣಕಾಲು ನೋವಿತ್ತು. ಅದಕ್ಕಿಂತ ಹೆಚ್ಚು, ಮಗ ಮಾಡಿದ್ದನ್ನು ಕೇಳುವ ಆಸೆಯಿತ್ತು.

"ಸಂಗಣ್ಣ ಶೆಟ್ಟಿ, ಒಳಗ ಬರ್ರಿ." ಮೀಸೆ ಚಿಗುರದ ಹುಡುಗನೊಬ್ಬ ಮೊಬೈಲ್ ನೋಡುತ್ತಲೇ ಎದ್ದು ಹೋದ.

"ಲಾಲಮ್ಮ, ಒಳಗ ಬಾ."

"ಬಂದೆ ಯಪ್ಪಾ," ಎನ್ನುತ್ತ ಲಾಲಮ್ಮ ಗೋಡೆ ಹಿಡಿದು ಗಡಬಡಿಸಿ ಎದ್ದರು. ಅವರಿಗೇನೂ ಅನ್ನಿಸಲಿಲ್ಲ. ರೇವಣಸಿದ್ದನಿಗೆ ಮಾತ್ರ ತನ್ನದೇ ದನಿ ಕಿವಿಗೆ ಕಾದ ಸೀಸ ಹೊಯ್ದಂತಾಯಿತು. ಪಕ್ಕದಲ್ಲಿ ಕೂತ ದೇವುವಿನ ಮುಖ ನೋಡುವ ಧೈರ್ಯ ಬರಲಿಲ್ಲ.

"ಅಣ್ಣಾರ, ನಾ ತಿದ್ದಿದ್ದು ನಿಮಗ ಮುಟ್ಟಿಲ್ಲ ಕಾಣ್ತದಲ್ರಿ?" ದೇವು ಮೆಲ್ಲಗೆ ಕೇಳಿದ. ತಪ್ಪಿಸಿಕೊಳ್ಳಲು ಅವನೇ ದಾರಿ ಮಾಡಿಕೊಟ್ಟಿದ್ದ. ಹೌದು, ನೆಟ್ ಕೈಕೊಟ್ಟಿತು ಎಂದರೆ ಮುಗಿಯುತ್ತಿತ್ತು.

"ಮುಟ್ಟಿತ್ತು," ಅಂದ ರೇವಣಸಿದ್ದ. "ಓದೇ ತಗದೀನಿ. ತಪ್ಪಾತು, ದೇವು."

ಲ್ಯಾಪ್‌ಟಾಪ್ ತೆರೆದು ದೇವುವಿನ ಸಾಲನ್ನು ಮರಳಿ ಹಾಕಿದ. ದೇವು ಅದನ್ನೊಮ್ಮೆ ಓದಿ ತಲೆಯಾಡಿಸಿದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಲಾಲಮ್ಮ ಹೊರಗೆ ಬಂದರು. "ನನ್ನ ಕರದವ್ರು ನೀವೇನ್ರಿ, ಯಪ್ಪಾ? ದನಿ ಭಾಳ ಚಲೋ ಅದರಿ."

ಮಗನ ವಯಸ್ಸಿನವನಿಗೆ ಆಕೆ ಮಾತುಮಾತಿಗೂ 'ರಿ' ಹಚ್ಚುತ್ತಿದ್ದರು. ನಾಚಿಕೆಯಿಂದ ಹಿಡಿಯಷ್ಟಾದ ರೇವಣಸಿದ್ದ ದಡಕ್ಕನೆ ಎದ್ದು ತನ್ನ ಕುರ್ಚಿಯನ್ನು ಅವರ ಕಡೆ ಸರಿಸಿದ. ಈ ಸಲವಾದರೂ ಸರಿಯಾಗಿ ಮಾತಾಡಬೇಕು ಎಂದುಕೊಂಡೇ ಬಾಯಿ ತೆರೆದ.

"ಹೂಂ, ನಾನ. ಕುಂದ್ರು," ಅಂದ.

ಲಾಲಮ್ಮ ಕೂತರು. ದೇವು ಎದ್ದು ಹೊರಗೆ ಹೋದ.