ದಿಂಬಿನ ಕಡೆಯ ಗೋಡೆ

ಮುಂಬಾಗಿಲಿಗೆ ಬಿಗಿದ ಕೆಂಪು ಪರದೆಯ ನಡುವೆ ದೊಡ್ಡ ಫ್ಯಾನೊಂದು ಹೊಸ ಮನೆಯೊಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತಿತ್ತು. ಎಲ್ಲಿ ಸಂದಿ ಇದೆಯೋ ಅಲ್ಲಿಂದ ಹೊರಗಿನ ಗಾಳಿ ನುಗ್ಗಬೇಕು. ತೋವೆ ಕೈಯ ಬೆನ್ನನ್ನು ಗೋಡೆಗೆ ಹಿಡಿದು ಕೋಣೆಯಿಂದ ಕೋಣೆಗೆ ನಡೆದಳು. ಡೆನ್ಮಾರ್ಕಿನ ಪಡುವಣ ಕರಾವಳಿಯಲ್ಲಿ ಗಾಳಿಗೆ ಬಿಡುವಿಲ್ಲ. ಈ ದಿನ ತಗ್ಗಿತ್ತೆಂದು ಕಂತ್ರಾಟುದಾರ ಮೊಗೆನ್ಸ್ ಸೋರಿಕೆ ಅಳೆಯುವ ಈ ಫ್ಯಾನು ತಂದಿದ್ದ.

ಮನೆ ಇಷ್ಟಕ್ಕಿಂತ ಹೆಚ್ಚು ಗಾಳಿ ಸೋರಬಾರದು, ಸೋರಿದರೆ ಅವನೇ ಬಿಚ್ಚಿ ಸರಿಪಡಿಸಬೇಕು ಎಂಬ ಮಾತನ್ನು ಕರಾರಿಗೆ ಪಟ್ಟು ಹಿಡಿದು ಸೇರಿಸಿದವಳು ಅವಳೇ. "ಗಾಳಿಗೂ ಬೀಗ ಹಾಕಿಸ್ತೀಯಲ್ಲಮ್ಮ!" ಎಂದು ಮೊಗೆನ್ಸ್ ನಕ್ಕಿದ್ದ. ಬಾಡಿಗೆ ಮನೆಯ ಥಂಡಿಗೆ, ಗೋಡೆಯ ಬೂಷ್ಟಿಗೆ ಮಗಳು ಮಾರೆನಳ ಎದೆ ಇರುಳೆಲ್ಲ ಗೊರಗುಟ್ಟುತ್ತಿದ್ದುದು ಅವನಿಗೇನು ಗೊತ್ತು?

ಫೆಬ್ರವರಿಯಲ್ಲಿ ಮಾರೆನ್ ತೀರಿಕೊಂಡಳು.

"ಮೀಟರು ಕೂದಲೆಳೆಯಷ್ಟು ಹೆಚ್ಚು ತೋರಿಸ್ತಿದೆ," ಮೊಗೆನ್ಸ್ ಕೂಗಿದ. "ಮೂಲೆ ಕೋಣೆ ನೋಡು."

ಅದು ಮಾರೆನಳ ಕೋಣೆ. ಬಣ್ಣ ಕಾಣದ ಜಿಪ್ಸಂ ಹಲಗೆಗೋಡೆಯ ಮೇಲೆ ಅವಳು ಪೆನ್ಸಿಲಿನಲ್ಲಿ ತನ್ನ ಮಂಚ ಬರೆದಿದ್ದಳು, ದಿಂಬಿನ ಸಮೇತ. ದಿಂಬಿನ ಮೇಲೆ ಗುಂಗುರು ಕೂದಲಿನ ತಲೆ. ತೋವೆಯ ಕೈಗೆ ತಣ್ಣನೆಯ ಗಾಳಿ ಸೋಕಿದ್ದು ಸರಿಯಾಗಿ ಅಲ್ಲೇ.

ಮೊಗೆನ್ಸ್ ಬಂದು ಮುಟ್ಟಿ ನೋಡಿದ. "ಒಳಗೆ ಗಾಳಿ ತಡೆಯೋ ಹಾಳೆ ಅಂಟು ಬಿಟ್ಟಿದೆ. ತಪ್ಪು ನಂದೇ. ಆದ್ರೆ ಹಲಗೆ ಕೊಯ್ಯಬೇಕಾಗ್ತದೆ, ತಾಯಿ." ಅವನು ಚಿತ್ರದ ಕಡೆ ನೋಡಲಿಲ್ಲ. "ಈಗ ಇರೋದು ನೀವಿಬ್ರೇ... ಇಷ್ಟಕ್ಕೆಲ್ಲ ಚಳಿ ಗೊತ್ತಾಗಲ್ಲ. ಎಲ್ಲ ಸರಿಯಿದೆ ಅಂತ ಸಹಿ ಹಾಕಿಬಿಡು."

"ಹಾಕು ತೋವೆ," ಎಂದ ಗಂಡ ಆಸ್ಗರ್. "ಈ ಮನೇಲಿ ಅವಳದು ಅಂತ ಇರೋದು ಇದೊಂದೇ."

"ಅವಳ ತಲೆಗೇ ಹೊಡೀತಿತ್ತು, ಈ ಗಾಳಿ."

"ಅವಳು ಇಲ್ಲಿ ಮಲಗಲ್ಲ ಕಣೇ."

"ಗೊತ್ತು." ತೋವೆ ಕೈ ತೆಗೆಯಲಿಲ್ಲ. "ನಿನ್ನ ಕೋಣೇಲಿ ಚಳಿ ಬರಲ್ಲ ಅಂತ ಹೇಳಿದ್ದೆ ಅವಳಿಗೆ. ಕೊಯ್ಯಿ ಮೊಗೆನ್ಸ್."

ಎಷ್ಟು ನಾಜೂಕಾಗಿ ಕೊಯ್ದರೂ ಹಲಗೆ ಪುಡಿಪುಡಿಯಾಗಿ ಉದುರಿತು. ಗೋಡೆಯಲ್ಲಿ ಮಂಚದ ಎರಡು ಕಾಲು ಮಾತ್ರ ಉಳಿದವು. ಮೊಗೆನ್ಸ್ ಹಾಳೆಗೆ ಪಟ್ಟಿ ಅಂಟಿಸಿ, ಹೊಸ ತುಂಡು ಕೂರಿಸಿ, ಹೋಗಿ ಮತ್ತೆ ಫ್ಯಾನು ಹಾಕಿದ.

ತೋವೆ ಕೈ ಚಾಚುವ ಮೊದಲೇ ಆಸ್ಗರ್ ಆ ಪುಡಿಯಲ್ಲಿ ಮಂಡಿಯೂರಿ ಹೊಸ ಹಲಗೆಗೆ ಕೆನ್ನೆ ಆನಿಸಿದ. ಕಣ್ಣು ಮುಚ್ಚಿಕೊಂಡ.

"ಬರ್ತಿಲ್ಲ," ಎಂದ. ಏಳಲಿಲ್ಲ.

"ಸರಿಯಾಯ್ತು! ನಿಲ್ಲಿಸ್ಲಾ?" ಮೊಗೆನ್ಸ್ ಬಾಗಿಲ ಕಡೆಯಿಂದ ಕೂಗಿದ.

ತೋವೆ ಆಸ್ಗರನ ಪಕ್ಕ ಆ ಪುಡಿಯಲ್ಲೇ ಕೂತಳು. ಫ್ಯಾನು ಓಡುತ್ತಲೇ ಇತ್ತು.