ನೀರುಗಂಟಿಯ ಐದನೆಯ ಪುಸ್ತಕ

ಶಂಭುಲಿಂಗಪ್ಪನವರು ಬೆಳಗಿನ ಲಿಂಗಪೂಜೆ ಮುಗಿಸಿ ಮಣೆಯಿಂದ ಎದ್ದವರೇ ನೇರವಾಗಿ ಬಚ್ಚಲಿಗೆ ಹೋಗಿ ಕೈ ತೊಳೆಯುತ್ತಿದ್ದರು. ಉಗುರಿನ ಸಂದಿಯಲ್ಲೂ ಒಂದಿಷ್ಟೂ ವಿಭೂತಿ ಉಳಿಯದಂತೆ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಎಪ್ಪತ್ತನಾಲ್ಕು ವರ್ಷದ ಬದುಕಿನಲ್ಲಿ ಇಲ್ಲದ ಈ ಅಭ್ಯಾಸ ಕಳೆದ ಯುಗಾದಿಯಿಂದ ಈಚೆಗೆ ಬಂದದ್ದು. ಹೆಂಡತಿ ನೀಲಗಂಗಮ್ಮ ಅದನ್ನು ನೋಡಿಯೂ ನೋಡದವರಂತೆ ಇದ್ದರು. ಶ್ರಾವಣದಲ್ಲಿ ಮಗ ಚಿದಾನಂದ ತೀರಿಕೊಂಡ ಮೇಲಂತೂ ಕತ್ರಿಗುಪ್ಪೆಯ ಆ ಮಹಡಿ ಮನೆಯಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಚಿದಾನಂದ ಕಾಮಿಕ್ಸ್ ಮಾಡುವವನು. ಯಾವ ಪತ್ರಿಕೆಗೂ ಯಾವ ಕಂಪನಿಗೂ ಸೇರದೆ, ತಾನೇ ಕಥೆ ಕಟ್ಟಿ, ತಾನೇ ಚಿತ್ರ ಬರೆದು, ವಿಲ್ಸನ್ ಗಾರ್ಡನ್ನಿನ ಒಂದು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ, ತಾನೇ ಚೀಲದಲ್ಲಿ ಹೊತ್ತು ಮಾರುತ್ತಿದ್ದ. ಅವನ ಪುಸ್ತಕಗಳ ಹೆಸರು 'ನೀರುಗಂಟಿ'. ಹಿಂದೆ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದ ಒಬ್ಬ ಮುದುಕ, ಸತ್ತು ಎಷ್ಟೋ ಕಾಲವಾದ ಮೇಲೂ, ಕೈಯಲ್ಲಿ ಗುದ್ದಲಿ ಹಿಡಿದು ಬನಶಂಕರಿ, ಜೆ.ಪಿ. ನಗರದ ಬೀದಿಗಳಲ್ಲಿ ಇರುಳೆಲ್ಲ ಅಲೆಯುತ್ತಾನೆ. ತನ್ನ ಕೆರೆ ಯಾವ ಲೇಔಟಿನ ಕೆಳಗೆ ಹೋಯಿತು ಎಂದು ಹುಡುಕುತ್ತಾನೆ. ಅದೇ ಕಥೆ.

ಆ ಪುಸ್ತಕಗಳಲ್ಲಿ ಮಾತಿನ ಗುಳ್ಳೆಗಳ ಒಳಗೆ ಅಕ್ಷರ ಬರೆಯುವ ಕೆಲಸ ಶಂಭುಲಿಂಗಪ್ಪನವರದು. ಭೂಮಾಪನ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆಗಳ ಮೇಲೆ ಊರು, ಹಳ್ಳ, ಗುಡ್ಡಗಳ ಹೆಸರು ಬರೆದ ಕೈ ಅದು. ಅಕ್ಷರಗಳು ಕೋದಿಟ್ಟ ಮಣಿಗಳ ಹಾಗೆ ಇರುತ್ತಿದ್ದವು. ಪೂಜೆಯ ಕೈಯನ್ನು ತೊಳೆಯದೆ ಮೊದಲು ಅಕ್ಷರ ಬರೆಯಬೇಕು ಎಂದು ಅವರ ತಂದೆ ಹೇಳಿಕೊಟ್ಟಿದ್ದರು. ಇಲಾಖೆಯಲ್ಲಿ ಅದು ನಡೆಯುತ್ತಿರಲಿಲ್ಲ. ಮಗನ ಪುಟಗಳ ಮುಂದೆ ನಡೆಯುತ್ತಿತ್ತು. ಹಣೆಗೆ, ತೋಳಿಗೆ ಹಚ್ಚಿಕೊಂಡ ವಿಭೂತಿ ಬೆರಳುಗಳಲ್ಲಿ ಇನ್ನೂ ಒದ್ದೆಯಾಗಿರುವಾಗಲೇ ಎಡಗೈಯಲ್ಲಿ ಪುಟ ಒತ್ತಿ ಹಿಡಿದು ಬಲಗೈಯಲ್ಲಿ ಬರೆಯುತ್ತಿದ್ದರು. ಬರೆದ ಮೇಲೆ ಚಿತ್ರ ನೋಡುತ್ತಿರಲಿಲ್ಲ. ಪುಸ್ತಕ ಅಚ್ಚಾಗಿ ಬಂದಾಗಲೂ ತಮ್ಮ ಅಕ್ಷರ ಎಲ್ಲಿಯಾದರೂ ಒಡೆದಿದೆಯೇ ಎಂದು ಮಾತ್ರ ನೋಡಿ ಮುಚ್ಚಿಡುತ್ತಿದ್ದರು.

ಒಳ್ಳೆಯ ದಿನಗಳೂ ಇದ್ದವು. ಮೂರನೆಯ ಪುಸ್ತಕ ಬಂದ ವರ್ಷ ಜಯನಗರದ ಕಾಮಿಕ್ಸ್ ಮೇಳಕ್ಕೆ ಮಗ ಅಪ್ಪನನ್ನೂ ಕರೆದುಕೊಂಡು ಹೋಗಿದ್ದ. ಪಂಚೆ, ಶಲ್ಯ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಮುದುಕರು ಸ್ಟಾಲಿನಲ್ಲಿ ಕುಳಿತದ್ದು ನೋಡಿ ಕೆಲವರು ನೀರುಗಂಟಿಯೇ ಎದ್ದು ಬಂದಿದ್ದಾನೆ ಎಂದು ನಕ್ಕು ಫೋಟೋ ತೆಗೆಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಪುಸ್ತಕವೆಲ್ಲ ಖಾಲಿ. ಮೈತ್ರಿ ಎಂಬ ಕಾಲೇಜು ಹುಡುಗಿ ಕೊನೆಯ ಪ್ರತಿ ಕೊಂಡು ಪುಟ ತಿರುವುತ್ತಾ, "ಸಾರ್, ನಿಮ್ ಆಕಾಶ ಇದ್ಯಲ್ಲ, ಸಖತ್! ಈ ನಕ್ಷತ್ರಗಳನ್ನ ಹೆಂಗ್ ಮಾಡ್ತೀರಾ?" ಎಂದಳು.

"ನನ್ ಹತ್ರ ಒಬ್ರು ದೊಡ್ಡ ಮೇಷ್ಟ್ರು ಇದಾರೆ, ಅವ್ರು ಹಾಕ್ಕೊಡ್ತಾರೆ," ಎಂದು ಚಿದಾನಂದ ಅಪ್ಪನ ಕಡೆ ನೋಡಿ ನಕ್ಕ. ಶಂಭುಲಿಂಗಪ್ಪನವರಿಗೆ ಅರ್ಥವಾಗಲಿಲ್ಲ. ಯಾರೋ ಗುರುಗಳಿರಬೇಕು ಅಂದುಕೊಂಡರು.

ಆಮೇಲಿನ ವರ್ಷಗಳು ಇಳಿಮುಖ. ಅಂಗಡಿಯವರು ಬಿಸಿಲಿಗೆ ಬಣ್ಣ ಹೋದ ಪ್ರತಿಗಳನ್ನು ವಾಪಸು ಕಟ್ಟಿ ಕಳಿಸಿದರು. ಮಂಚದ ಕೆಳಗೆ ಕಟ್ಟುಗಳು ಬೆಳೆದವು. ಕಸ ಗುಡಿಸಲು ನೀಲಗಂಗಮ್ಮನವರ ಪೊರಕೆ ಒಳಗೆ ಹೋಗದಂತಾಯಿತು. ನೆಂಟರ ಮದುವೆಯಲ್ಲಿ ಯಾರಾದರೂ, "ಇನ್ನೂ ಗೊಂಬೆ ಬರೀತಾನೇನ್ರೀ ನಿಮ್ಮುಡುಗ?" ಎಂದರೆ ಶಂಭುಲಿಂಗಪ್ಪನವರು ಮಾತು ಬದಲಿಸುತ್ತಿದ್ದರು. ಚಿದಾನಂದ ಹಗಲಿನಲ್ಲಿ ಮದುವೆ ಕರೆಯೋಲೆಗೆ ಗಂಡುಹೆಣ್ಣಿನ ವ್ಯಂಗ್ಯಚಿತ್ರ ಬರೆದು ಸಂಸಾರ ತೂಗಿಸುತ್ತಿದ್ದ. ಹೆಂಡತಿ ಅಂಜನಾ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಆದರೂ ನೀರುಗಂಟಿಯನ್ನು ಅವನು ಬಿಡಲಿಲ್ಲ.

ಯುಗಾದಿಯ ಹಿಂದಿನ ವಾರ ಶಂಭುಲಿಂಗಪ್ಪನವರು ನಾಲ್ಕನೆಯ ಪುಸ್ತಕದ ಮೂಲ ಪುಟಗಳನ್ನು ವಾಪಸು ತರಲು ಪ್ರೆಸ್ಸಿಗೆ ಹೋಗಿದ್ದರು. ಪ್ರೆಸ್ಸಿನ ವೆಂಕಟಸ್ವಾಮಿ ತಮಾಷೆಯ ಮನುಷ್ಯ. ಒಂದು ಪುಟವನ್ನು ಎತ್ತಿ ಬೆಳಕಿಗೆ ಹಿಡಿದ.

"ಯಜಮಾನ್ರೇ, ಇಲ್ನೋಡಿ. ನಿಮ್ ಮಗನ ಪುಟಕ್ಕೆ ಯಾರೋ ಪೂಜೆ ಮಾಡ್ಬಿಟ್ಟವ್ರೆ! ಕರೀ ಇಂಕಿನ ಮೇಲೆಲ್ಲ ವಿಭೂತಿ. ಹಿಂಗೇ ಆದ್ರೆ ನನ್ ಮಿಷಿನ್ನೂ ಸನ್ಯಾಸ ತಗೊಂಡು ಹೊರಟೋಗ್ತದೆ!"

ಶಂಭುಲಿಂಗಪ್ಪನವರು ನೋಡಿದರು. ಕಪ್ಪು ಆಕಾಶದ ಮೇಲೆ ತಮ್ಮದೇ ಬೆರಳುಗಳು, ಒಂದಲ್ಲ, ಹತ್ತು ಕಡೆ. ಪ್ರತಿ ಗುರುತಿನ ಸುತ್ತಲೂ ಮಗ ಬಿಳಿಯ ಮಸಿಯಲ್ಲಿ ಸಣ್ಣ ಸಣ್ಣ ಚುಕ್ಕಿ ಇಟ್ಟಿದ್ದ. ಕಲೆ ಮರೆಮಾಡಲು ಹುಡುಗ ಎಷ್ಟು ಒದ್ದಾಡಿದ್ದಾನೆ, ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲವಲ್ಲ ಎಂದು ಅವರ ಮುಖ ಬಾಡಿತು. ಅವನ ಪುಸ್ತಕ ಮಂಚದ ಕೆಳಗೆ ಕೊಳೆಯುವುದಕ್ಕೆ ತನ್ನ ಕೈಯೇ ಕಾರಣವೋ ಏನೋ ಎಂಬ ಸಂಶಯವೂ ಮನಸ್ಸಿಗೆ ಹೊಕ್ಕಿತು. ಮನೆಗೆ ಬಂದು, ನಾಚಿಕೆಯಿಂದ, ನಿಜ ಹೇಳಲಿಲ್ಲ.

"ಇನ್ಮೇಲೆ ನನ್ ಕೈಲಿ ಆಗಲ್ಲ ಕಣಪ್ಪ. ಕಣ್ಣು ಕಾಣಲ್ಲ. ಕಂಪ್ಯೂಟರಲ್ಲೇ ಅಕ್ಷರ ಹಾಕ್ಸ್ಕೋ," ಎಂದರು.

"ಡಾಕ್ಟ್ರಿಗೆ ತೋರ್ಸೋಣ್ವಾ ಅಪ್ಪ?"

"ಬೇಡ ಅಂದ್ನಲ್ಲ."

"ಸರಿ ಬಿಡಿ. ಪುಟ ಇಲ್ಲೇ ಇರುತ್ತೆ. ನಿಮಗೆ ಯಾವಾಗ ಮನಸ್ಸಾಗುತ್ತೋ ಆವಾಗ."

ಮಾರನೆಯ ಬೆಳಿಗ್ಗೆ ಅವರು ಎಂದಿನಂತೆ ಪತ್ರಿಕೆಯ ಸಣ್ಣಕ್ಷರದ ಜಾಹೀರಾತುಗಳನ್ನೆಲ್ಲ ಓದುತ್ತಾ ಕುಳಿತಿದ್ದಾಗ ಚಿದಾನಂದ ಬಾಗಿಲಲ್ಲಿ ನಿಂತು ನೋಡಿದ. ಹಾಗೇ ಒಳಗೆ ಹೋದ.

ಐದನೆಯ ಪುಸ್ತಕದ ಹನ್ನೆರಡು ಪುಟಗಳು, ಖಾಲಿ ಗುಳ್ಳೆಗಳೊಂದಿಗೆ, ಹಜಾರದ ಮೇಜಿನ ಮೇಲೆ ನಾಲ್ಕು ತಿಂಗಳು ಕಾದವು. ಶ್ರಾವಣದ ಒಂದು ಸೋಮವಾರ ಬನಶಂಕರಿ ಬಸ್ ನಿಲ್ದಾಣದಲ್ಲಿ ಎದೆ ಹಿಡಿದು ಕುಳಿತ ಚಿದಾನಂದ ಮತ್ತೆ ಏಳಲಿಲ್ಲ. ಅವನಿಗೆ ಮೂವತ್ತೊಂಬತ್ತು. ಅಪ್ಪನೇ ಮಗನ ಹಣೆಗೆ ವಿಭೂತಿ ಹಚ್ಚಿ, ಸಮಾಧಿಯ ಗುಂಡಿಗೆ ವಿಭೂತಿ ಗಟ್ಟಿಗಳನ್ನು ಇಳಿಸಿಕೊಟ್ಟರು. ಆವತ್ತು ಮನೆಗೆ ಬಂದು ಕೈ ತೊಳೆಯುವಾಗ ನೀರು ಬೆಳ್ಳಗೆ ಹರಿದದ್ದು ಅವರ ಕಣ್ಣಿನಿಂದ ಹೋಗಲೇ ಇಲ್ಲ.

ಕಾರ್ತಿಕ ಬಂತು. ಒಂದು ಭಾನುವಾರ ಬೆಳಿಗ್ಗೆ ಅಂಜನಾ ಆ ಹನ್ನೆರಡು ಪುಟಗಳನ್ನೂ ಗಂಡನ ನೋಟ್‌ಪುಸ್ತಕವನ್ನೂ ತಂದು ಮಾವನವರ ಮುಂದೆ ಇಟ್ಟಳು.

"ಮಾವ, ಮುಂದಿನ ತಿಂಗಳು ಮೇಳ ಇದೆ. ಇದೊಂದು ಪುಸ್ತಕ ತಂದುಬಿಟ್ರೆ ಅವರ ಕಥೆ ಪೂರ್ತಿ ಆಗತ್ತೆ. ಮಾತೆಲ್ಲ ಇದ್ರಲ್ಲಿ ಬರೆದಿಟ್ಟಿದಾರೆ. ನೀವು ಗುಳ್ಳೆ ತುಂಬಿಸ್ಕೊಡಿ."

"ಕಂಪ್ಯೂಟರಲ್ಲಿ ಹಾಕ್ಸಮ್ಮ."

"ಅವರು ಒಂದ್ಪುಟ ಹಾಕ್ಸಿ ನೋಡಿದ್ರು. 'ಮುದುಕನ ಬಾಯಿಗೆ ಬೇರೆಯವರ ಹಲ್ಲುಸೆಟ್ ಇಟ್ಟಂಗಿದೆ' ಅಂತ ಅಳಿಸ್ಬಿಟ್ರು. ಅಪ್ಪ ಬರೀಲಿಲ್ಲ ಅಂದ್ರೆ ಈ ಪುಸ್ತಕ ಬರೋದೇ ಬೇಡ ಅಂತಿದ್ರು."

ಎಂಟು ತಿಂಗಳು ಬಚ್ಚಿಟ್ಟದ್ದು ಶಂಭುಲಿಂಗಪ್ಪನವರ ಬಾಯಿಂದ ತಾನಾಗಿ ಹೊರಗೆ ಬಂತು.

"ನನ್ ಕಣ್ಣು ನೆಟ್ಟಗಿದೆ ತಾಯಿ. ಅವನಿಗೆ ಸುಳ್ಳು ಹೇಳ್ದೆ. ನನ್ ಕೈ ವಿಭೂತಿ ಮೆತ್ತಿ ಅವನ ಪುಟಗಳನ್ನೆಲ್ಲ ಹಾಳು ಮಾಡಿದೀನಿ. ಪ್ರೆಸ್ಸಲ್ಲಿ ನೋಡ್ದೆ. ನಾಚಿಕೆಯಾಯ್ತು, ಬರೆಯೋದು ಬಿಟ್ಟೆ."

ಅಂಜನಾ ಬೆಪ್ಪಾಗಿ ಅವರನ್ನೇ ನೋಡಿದಳು. ಎದ್ದು ಹೋಗಿ ಮೂರನೆಯ ಪುಸ್ತಕ ತಂದು, ಕೆರೆಯ ಏರಿಯ ಚಿತ್ರವಿದ್ದ ಪುಟ ಬಿಚ್ಚಿ ಅವರ ತೊಡೆಯ ಮೇಲೆ ಇಟ್ಟಳು.

"ಮಾವ, ನೀವು ಇವನ್ನ ಯಾವತ್ತೂ ನೋಡೇ ಇಲ್ವಾ?"

ಕಪ್ಪು ಆಕಾಶ. ಅದರ ತುಂಬ ಹೊಗೆಯಂಥ ಬಿಳಿ ಹಾದಿಗಳು, ಆ ಹಾದಿಗಳ ಸುತ್ತ ಚುಕ್ಕಿ ಚುಕ್ಕಿ ನಕ್ಷತ್ರ. ಕೆಳಗೆ ಗುದ್ದಲಿ ಊರಿಕೊಂಡು ತಲೆಯೆತ್ತಿ ನೋಡುತ್ತಿರುವ ಮುದುಕ. ಅವನ ಹಣೆ, ಅವನ ಮೂಗು, ಬೆನ್ನು ಬಾಗಿಸಿ ನಿಲ್ಲುವ ರೀತಿ ತಮ್ಮದೇ ಎಂಬುದನ್ನು ಶಂಭುಲಿಂಗಪ್ಪನವರು ಅಂದು ಕಂಡರು.

"ನೀವು ಬರೆದುಕೊಟ್ಟ ಮೇಲೇನೇ ಅವರು ಆಕಾಶಕ್ಕೆ ಚುಕ್ಕಿ ಇಡ್ತಿದ್ದಿದ್ದು. ಎಲ್ಲೆಲ್ಲಿ ವಿಭೂತಿ ಬಿದ್ದಿದೆಯೋ ಅಲ್ಲಲ್ಲೇ. ನಿಮಗೆ ಹೇಳಿದ್ರೆ ಹುಷಾರಾಗಿ ಕೈ ಇಡ್ತೀರ, ಚೆನ್ನಾಗಿ ಬರಲ್ಲ ಅಂತ ಹೇಳಿರ್ಲಿಲ್ಲ ಅಷ್ಟೇ." ಅವಳು ಹನ್ನೆರಡನೆಯ ಪುಟವನ್ನು ಮೇಲೆ ತೆಗೆದಳು. "ಇಲ್ನೋಡಿ."

ಕೊನೆಯ ಪುಟ ಪೂರ್ತಿ ಕಪ್ಪು. ಮೂಲೆಯಲ್ಲಿ ಒಂದೇ ಒಂದು ಖಾಲಿ ಗುಳ್ಳೆ. ಅಂಚಿನಲ್ಲಿ ತಿಳಿನೀಲಿ ಪೆನ್ಸಿಲಿನಲ್ಲಿ ಮಗನ ಅವಸರದ ಕೈಬರಹ: 'ಅಪ್ಪನ ಕೈ ಇಲ್ಲಿ.' ಪಕ್ಕದಲ್ಲಿ ಒಂದು ಬಾಣದ ಗುರುತು.

ನೀಲಗಂಗಮ್ಮ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಶಂಭುಲಿಂಗಪ್ಪನವರು ಆ ಪುಟವನ್ನು ಬಹಳ ಹೊತ್ತು ನೋಡಿದರು. "ನಾಲ್ಕು ತಿಂಗಳು ಇಲ್ಲೇ ಇತ್ತು," ಎಂದರು. "ದಿನಾ ಇದರ ಪಕ್ಕದಲ್ಲೇ ಕೂತು ಕಾಫಿ ಕುಡಿದೆ." ಆಮೇಲೆ ಶಿವ ಶಿವ ಎಂದು ಕಣ್ಣು ಮುಚ್ಚಿಕೊಂಡರು.

ಮರುದಿನದಿಂದ ಪೂಜೆಯಾದ ಮೇಲೆ ಅವರು ಕೈ ತೊಳೆಯಲಿಲ್ಲ. ದಿನಕ್ಕೊಂದು ಪುಟ ಬರೆದರು. ಕೈ ಮೊದಲಿನ ಹಾಗಿರಲಿಲ್ಲ, ಕೆಲವು ಅಕ್ಷರಗಳು ನಡುಗಿದವು. ತಿದ್ದಲು ಹೋಗಲಿಲ್ಲ. ಬಿಳಿಯ ಮಸಿಯ ಸೀಸೆ ಮಗನ ಮೇಜಿನ ಮೇಲೆ ಹಾಗೆಯೇ ಇತ್ತು, ಒಂದು ದಿನ ಅಂಜನಾ, "ನಾನೇ ಚುಕ್ಕಿ ಇಡ್ಲಾ ಮಾವ?" ಎಂದು ಕೇಳಿದಳು. ಅವರು ತಲೆಯಾಡಿಸಿದರು. "ಬೇಡ ಕಣಮ್ಮ. ಅದು ಅವನ ಕೆಲಸ."

ಹನ್ನೆರಡನೆಯ ದಿನ ಕೊನೆಯ ಪುಟ. ನೋಟ್‌ಪುಸ್ತಕದಲ್ಲಿ ಆ ಗುಳ್ಳೆಗೆ ಎರಡೇ ಮಾತು ಇತ್ತು. ಕಥೆಯಲ್ಲಿ ನೀರುಗಂಟಿಗೆ ಕೊನೆಗೂ ಕೆರೆ ಸಿಕ್ಕಿದೆ. ಶಂಭುಲಿಂಗಪ್ಪನವರು ಅದರಲ್ಲಿದ್ದಂತೆ 'ನೀರು ಬಂತು' ಎಂದು ಬರೆದು ಲೇಖನಿ ಕೆಳಗಿಟ್ಟರು. ಆಮೇಲೆ ಬಟ್ಟಲಿನ ವಿಭೂತಿಗೆ ಎರಡು ಹನಿ ನೀರು ಹಾಕಿ ಅಂಗೈಗೆ ಸವರಿಕೊಂಡು, ಬಾಣ ತೋರಿಸಿದ ಜಾಗದಲ್ಲಿ, ಮಗುವಿನ ನೆತ್ತಿಯ ಮೇಲೆ ಇಡುವ ಹಾಗೆ ಕೈಯಿಟ್ಟು, ತೆಗೆದರು.

ಪುಟದ ಮೇಲೆ ಏನೂ ಕಾಣಲಿಲ್ಲ. ಕಪ್ಪಿನ ಮೇಲೆ ಬರೀ ಒದ್ದೆ.

"ಸರಿಯಾಗಿ ಬೀಳಲಿಲ್ವೇನೋ," ಎಂದಳು ಅಂಜನಾ.

"ಒಣಗಬೇಕು," ಎಂದರು ಅವರು.

ಪುಟ ಹಾರದಿರಲೆಂದು ನೀಲಗಂಗಮ್ಮ ಹೋಗಿ ಫ್ಯಾನು ಆರಿಸಿದರು. ಮೂವರೂ ಮೇಜಿನ ಸುತ್ತ ನಿಂತರು. ಕೆಳಗೆ ರಸ್ತೆಯಲ್ಲಿ ತರಕಾರಿ ಗಾಡಿಯವನು ಸೊಪ್ಪು ಸೊಪ್ಪು ಎಂದು ಕೂಗುತ್ತಾ ಹೋದ. ಸ್ವಲ್ಪ ಹೊತ್ತಿಗೆ ಕಿರುಬೆರಳಿನ ತುದಿ ಮೊದಲು ಬೆಳ್ಳಗಾಯಿತು.